ಆಲದ ಮರದ ಕೆಳಗಿನ ನರಿ

ಭಾನುವಳ್ಳಿ, ಸೋಮವಾರ

ಅಕ್ಕಾ,

ಕಾರ್ಡು ತಡವಾಯಿತು, ಬೈಯಬೇಡ. ದನಗಳ ರೋಗ ಕಾಡುಪ್ರಾಣಿಗಳಿಗೂ ತಗುಲಿದೆಯೇ ಎಂದು ನೋಡಲು ನಾವಿಲ್ಲಿ ನರಿ ಹಿಡಿದು ರಕ್ತ ತೆಗೆಯುತ್ತಿದ್ದೇವೆ. ಇಲ್ಲಿ ಹಸು ಕರು ಹಾಕಿದರೆ, ಹಾಲು ಹೆಚ್ಚಲಿ ಎಂದು ಕರುವಿನ ಹಿಂದೆ ಬೀಳುವ ಮಾಸನ್ನು ಗೋಣಿಯಲ್ಲಿ ಕಟ್ಟಿ ಕಾಲುವೆ ದಂಡೆಯ ಆಲದ ಮರಕ್ಕೆ ತೂಗುಹಾಕುತ್ತಾರೆ. ಗೋಣೆಪ್ಪನೆಂಬ ರೈತ, ಹಸು ದಿನ ತುಂಬುವ ಮೊದಲೇ ಕಂದು ಹಾಕಿದಾಗಲೂ ಹಾಗೇ ಕಟ್ಟಿದ್ದ. ಗೋಣಿ ಹರಿದು ಬಿದ್ದು, ನರಿಯೊಂದು ಅದನ್ನು ತಿನ್ನುತ್ತಿದ್ದುದನ್ನು ಹೋದ ತಿಂಗಳು ನಾನೇ ಕಂಡೆ. ಅದನ್ನೇ ಹಿಡಿದು ರಕ್ತ ಪರೀಕ್ಷೆಗೆ ಕಳಿಸಿದ್ದೆವು. ಇಂದು ವರದಿ ಬಂತು: ಆ ನರಿಗೆ, ದನಗಳು ಕಂದು ಹಾಕುವಂತೆ ಮಾಡುವ ಕಂದು ರೋಗ.

ಸುದ್ದಿ ಕೇಳಿ ಗೋಣೆಪ್ಪ ನನ್ನ ಮೇಲೇ ಎಗರಾಡಿದ. "ನಾ ಅವತ್ತೇ ಅಂದಿದ್ನಿಲ್ಲೇನ್ರಿ ಮೇಡಂ? ಈ ನರಿಗಳಿಂದ್ಲೇ ನಮ್ ದನಕ್ಕ ರೋಗ ಬಂದೈತೆ. ಹೊಡೆದು ಹಾಕ್ರಿ!"

ರೋಗವನ್ನು ಮರಕ್ಕೆ ಕಟ್ಟಿದವನು ಇವನು, ಬೈಗುಳ ನರಿಗೆ! ಹಸುವನ್ನು ಹಿಡಿದುಕೊಂಡು ಬಾ, ಅದರ ರಕ್ತವನ್ನೂ ನೋಡೋಣ ಎಂದೆ.

"ಅದೆಲ್ಲೈತ್ರಿ? ಸಂತ್ಯಾಗ ಮಾರಿದ್ವಲ್ರಿ."

"ಕಂದು ಹಾಕಿತ್ತು ಅಂತ ಹೇಳಿದೆಯಾ?"

"ಹಂಗ ಹೇಳಿದ್ರೆ ಯಾರು ತಗಂತಾರ್ರಿ?"

ಸುತ್ತ ನಿಂತಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ನಾನು ಆರೋಗ್ಯವಾಗಿದ್ದೇನೆ. ಈ ರೋಗ ಮನುಷ್ಯರಿಗೂ ತಗುಲುತ್ತದೆಂದು ಕೈಗವಸು ತೆಗೆಯುವುದಿಲ್ಲ, ಹಾಲು ಕುದಿಸದೆ ಕುಡಿಯುವುದಿಲ್ಲ. ಹರಿಹರದ ಬಸ್ಸು ಬರುವ ಹೊತ್ತಾಯಿತು, ಕಾರ್ಡು ಅಲ್ಲೇ ಅಂಚೆಗೆ ಹಾಕುತ್ತೇನೆ. ನರಿಯ ಕುತ್ತಿಗೆಗೆ ರೇಡಿಯೊ ಪಟ್ಟಿ ಕಟ್ಟಿದ್ದೇವೆ, ಎಲ್ಲಿ ಹೋದರೂ ತಿಳಿಯುತ್ತದೆ. ಆ ಹಸು ಈಗ ಯಾರ ಕೊಟ್ಟಿಗೆಯಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅಪ್ಪ ಹಸು ಕೊಳ್ಳಲು ಹೊರಟಿದ್ದಾರೆಂದು ಬರೆದಿದ್ದೆಯಲ್ಲ, ರಕ್ತಪರೀಕ್ಷೆ ಆಗದೆ ಹಗ್ಗ ಮುಟ್ಟಕೂಡದು ಎಂದು ಹೇಳು.

ನಿನ್ನ ತಂಗಿ
ಸುಚೇತಾ