ಸೊಂಟದ ಮುಸುಕು

ಉರಿಮಾಸ, ಮೂವತ್ನಾಲ್ಕನೇ ತಾರೀಖು, ಇಸವಿ 2291
ಒಣಕೆರೆ ಪೇಟೆ, ತುಂಗಭದ್ರೆಯ ಹಳೇ ಅಣೆಕಟ್ಟಿನ ಒಳಮೈ

ನಮ್ಮ ವಂಶದ ಹಿಂದಿನವರಿಗೆ,

ಹದಿಮೂರನೇ ತಿಂಗಳು ನಿಮಗಿರಲಿಲ್ಲವಂತೆ. ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಸದೆ ಈ ಉದ್ದನೆಯ ಉರಿಮಾಸವನ್ನು ನಾವು ಸೇರಿಸಿಕೊಂಡೆವು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಬರೆದದ್ದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಪ್ರತಿ ಮನೆಯ ಬಚ್ಚಲ ಹೊಸ್ತಿಲಲ್ಲೂ ಮೈಗನ್ನಡಿ ಇದೆ. ಸ್ನಾನವಾದ ಮೇಲೆ ಎದುರು ನಿಂತರೆ ಮೈಯೊಳಗಿನ ಗಂಟು, ಹುಣ್ಣು ಎಲ್ಲ ಹೇಳುತ್ತದೆ. ಆದರೆ ಗಂಡಸರು ನಿಲ್ಲುವ ಮೊದಲು ಸೊಂಟಕ್ಕೆ ಸೀಸದ ಎಳೆಯ ಮುಸುಕು ಕಟ್ಟುತ್ತಾರೆ. ಮದುವೆಯಲ್ಲಿ ಮಾವನ ಮನೆಯ ಉಡುಗೊರೆ ಅದು. ಜರಿಯಂಚು ಎಷ್ಟು ಅಗಲವೋ ಅಷ್ಟು ಮರ್ಯಾದೆ. ಕನ್ನಡಿ ಎಲ್ಲ ನೋಡಬೇಕು, ಅಲ್ಲಿ ಮಾತ್ರ ನೋಡಬಾರದು. ಈ ನಾಚಿಕೆ ನಿಮ್ಮಿಂದ ಬಂದದ್ದಂತೆ. ಎಂಥ ಆಸ್ತಿ ಬಿಟ್ಟುಹೋದಿರಿ.

ನನ್ನ ಗಂಡ ಜಂಬಣ್ಣನಿಗೆ ಶಿಶ್ನದ ಕ್ಯಾನ್ಸರು. ಅಪರೂಪದ್ದಂತೆ. ಅಪರೂಪ ಅಂದರೆ ಯಾರೂ ಬಾಯಿಬಿಡುವುದಿಲ್ಲ ಅಂತಲೇ ನನಗೆ ಅರ್ಥವಾದದ್ದು. ಹುಣ್ಣು ಮುಸುಕಿನ ಕೆಳಗೇ ಬೆಳೆದು, ತೊಡೆಸಂದಿಗೆ ಗಡ್ಡೆ ಬಂದು, ಅವನು ಕುಂಟತೊಡಗಿದಾಗ ನನಗೆ ಗೊತ್ತಾಯಿತು.

ಇದಕ್ಕೆ ಮುಪ್ಪುರಿ ಅನ್ನುವ ಚಿಕಿತ್ಸೆ ಇದೆ. ಮೊದಲು ಗಡ್ಡೆ ಕುಗ್ಗಿಸುವ ಔಷಧಿ, ಆಮೇಲೆ ಹುಣ್ಣಾದ ಭಾಗ ಕತ್ತರಿಸುವ ಶಸ್ತ್ರ, ಕೊನೆಗೆ ಕಿರಣ. ಅವನಿಗೆ ಮೂರೂ ಒಂದರ ಹಿಂದೊಂದು ಆಗಲೇಬೇಕು, ನಡುವೆ ಬಿಟ್ಟರೆ ಕಟ್ಟಿದ್ದೆಲ್ಲ ಬಿಚ್ಚುತ್ತದೆ ಅಂತ ವೈದ್ಯೆ ನೀಲಗಂಗಮ್ಮ ಮಗುವಿಗೆ ಹೇಳುವಂತೆ ಹೇಳಿದರು. ಔಷಧಿಗೆ ಗಡ್ಡೆ ಕುಗ್ಗಿತು. ಅಷ್ಟಕ್ಕೇ ನಮ್ಮ ಪುಣ್ಯಾತ್ಮ ವಾಸಿಯಾಯಿತು ಅಂದುಬಿಟ್ಟ. ಗಾಳಿಕಟ್ಟೆ ಅಂತ ತಂಪು ಬೀಸುವ ಕಂಬದ ಜಗುಲಿ ಒಂದಿದೆ. ಅಲ್ಲಿ ಕೂತ ಅವನ ಗೆಳೆಯರು, ಶಸ್ತ್ರಕ್ಕೆ ಹೋಗಿ ಬಾ, ಸೀರೆ ಕುಪ್ಪಸ ತಂದಿಡುತ್ತೇವೆ ಅಂತ ನಕ್ಕರಂತೆ. ನಾನು ಅತ್ತೆ, ಬೈದೆ, ಒಲೆ ಹಚ್ಚದೆ ಕೂತೆ.

"ಪೂರ್ತಿ ಗಂಡಸಾಗೇ ಸಾಯ್ತೀನಿ ಬಿಡೇ, ಹುಲಿಗೆವ್ವ," ಅಂದ.

"ಹೆಣಕ್ಕೆ ಎಂಥ ಗಂಡಸ್ತನ?" ಅಂದೆ.

ಔಷಧಿಯಾದ ಮೇಲೆ ಶಸ್ತ್ರಕ್ಕೆ ವೈದ್ಯೆ ಕೊಟ್ಟ ಗಡುವು ನಾಳೆಗೆ ಮುಗಿಯುತ್ತದೆ. ಇವತ್ತು ಬೆಳಿಗ್ಗೆ ಮುಸುಕು ತೊಡೆಸಂದಿಗೆ ಒತ್ತುತ್ತದೆ, ದೊಡ್ಡದು ಕೊಳ್ಳೋಣ ಅಂದ. ಬಟ್ಟೆ ಕುಗ್ಗಿಲ್ಲ, ಗಡ್ಡೆ ಮತ್ತೆ ಊದಿದೆ ಅಂತ ಅವನಿಗೂ ಗೊತ್ತು.

ನಿಮ್ಮಲ್ಲಿ ಯಾರಾದರೂ ಪಂಚೆಯೊಳಗೆ ಮಾಯದ ಹುಣ್ಣು ಮುಚ್ಚಿಟ್ಟುಕೊಂಡು ಇದನ್ನು ಓದುತ್ತಿದ್ದರೆ, ಎದ್ದು ಹೋಗಿ ಡಾಕ್ಟರಿಗೆ ತೋರಿಸಿ. ಅವರು ಹೇಳಿದ್ದನ್ನು ಕೊನೆತನಕ ಮಾಡಿಸಿಕೊಳ್ಳಿ. ನಿಮ್ಮ ಹೆಂಡತಿಯ ಕೈಲಿ ಇಂಥ ಕಾಗದ ಬರೆಸಬೇಡಿ.