ರಿಸೆಪ್ಶನ್ನಿಗೆ ಸೋಮ ಬಂದಿದ್ದ

ಶಿರಸಿ
೭ ಜೂನ್ ೨೦೦೬

ಪ್ರೀತಿಯ ತಂಗಿ ಜಯಾ,

ನಾವೆಲ್ಲ ಇಲ್ಲಿ ಆರೋಗ್ಯ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಿನ್ನ ಕಾಲು ಹೇಗಿದೆ? ಪುಣೆಯಿಂದ ನೀನು ಬರೆದ ಪತ್ರಕ್ಕೆ ಉತ್ತರಿಸಲು ತಡವಾಯಿತು. ಮದುವೆಗೆ ತಂದ ಪಾತ್ರೆಗಳನ್ನು ಮರಳಿಸುವುದಿತ್ತು, ಶಾಮಿಯಾನದವನ ಜೊತೆ ಜಗಳವಿತ್ತು, ನೆಪಗಳಿಗೇನೂ ಬರವಿಲ್ಲ. ನಿಜ ಹೇಳಬೇಕೆಂದರೆ ನಿನ್ನ ಪತ್ರದ ಕೊನೆಯ ಸಾಲೇ ನನ್ನ ಕೈ ಕಟ್ಟಿಹಾಕಿತ್ತು: "ಅಭಿಜ್ಞಾಳ ರಿಸೆಪ್ಶನ್ನಿನಲ್ಲಿ ಸೋಮಣ್ಣ ಹೇಗೆ ನುಡಿಸಿದ? ಸಿ.ಡಿ. ಬಂದ ಕೂಡಲೇ ಕಳಿಸು."

ಸಿ.ಡಿ. ಬಂದಿದೆ, ಕಳಿಸುತ್ತೇನೆ. ಅದರಲ್ಲಿ ಸೋಮ ಇದ್ದಾನೆ. ಮೂರನೇ ಸಾಲಿನ ಕುರ್ಚಿಯಲ್ಲಿ ಹೆಂಡತಿ ಗಂಗೆಯ ಪಕ್ಕ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಾನೆ. ನುಡಿಸಿದವನು, ಅದಕ್ಕೆ ನುಡಿಸುವುದು ಎನ್ನಬಹುದಾದರೆ, ಹುಬ್ಬಳ್ಳಿಯ ಒಬ್ಬ ಡಿಜೆ.

ಮೊದಲಿನಿಂದ ಹೇಳುತ್ತೇನೆ. ಮದುವೆ ನಿಶ್ಚಯವಾದ ದಿನವೇ ಅಳಿಯ ಚಿರಂತನನ ಸೋದರಮಾವ ಯಲ್ಲಾಪುರದ ಬೀಗರ ಪರವಾಗಿ ಮಾತು ತೆಗೆದರು. "ಭಾವಯ್ಯ, ರಿಸೆಪ್ಶನ್ನಿಗೆ ಡಿಜೆ ಇಟ್ರೆ ಹುಡುಗ್ರಿಗೆ ಖುಷಿ ಆಗ್ತು. ಈಗ ಎಲ್ಲಾ ಕಡೆ ಅದೇಯ."

"ಡಿಜೆ ಅಂದ್ರೆ ಕಿವಿಗೆ ಸಜೆ, ಮಾತಿಗೆ ರಜೆ" ಎಂದೆ. ಅವರು ನಕ್ಕರು. ಪ್ರಾಸಕ್ಕೆ ನಕ್ಕರೋ, ಹೆಣ್ಣಿನ ಅಪ್ಪ ಎಂಬ ಕನಿಕರಕ್ಕೋ ತಿಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಕೂಸು ಅಭಿಜ್ಞಾ ಒಳಗಿನಿಂದಲೇ ಕೂಗಿ ಹೇಳಿತು: "ಸೋಮಮಾವನ ಕ್ಲಾರಿಯೋನೆಟ್ ಇಲ್ದೇ ಆನು ಸ್ಟೇಜ್ ಹತ್ತದೇ ಇಲ್ಲೆ!" ಚಿರಂತನ ಜಾಣ ಹುಡುಗ, ಕೂಡಲೇ "ಅದೇ ಆಗ್ಲಿ" ಎಂದ. ಸೋದರಮಾವ ಮಾತ್ರ ಪೂರ್ತಿ ಸೋಲಲಿಲ್ಲ. "ಅಡ್ಡಿಲ್ಲೆ. ಹುಡುಗ್ರು ಡಿಜೆಯವನ್ನ ಕರ್ಕಂಡು ಬತ್ತ. ವಾದ್ಯ ಮುಗದ ಮೇಲೆ ಸ್ವಲ್ಪ ಹೊತ್ತು ಕುಣ್ಕಳ್ಲಿ." ಆಗಲಿ ಎಂದೆ. ಮೊದಲು ಸೋಮನ ವಾದ್ಯ, ಆಮೇಲೆ ಡಿಜೆಯ ಗದ್ದಲ, ಹಾಗೆ ತೀರ್ಮಾನವಾಯಿತು.

ಸೋಮ ಮತ್ತು ನಾನು ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಒಂದೇ ಬೆಂಚು. ಆಮೇಲೆ ಅವನು ಎಕ್ಕಂಬಿಯಲ್ಲಿ ತನ್ನದೇ ವಾದ್ಯದ ಮೇಳ ಕಟ್ಟಿದ, ನಾನು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಲು ಕೂತೆ. ಆದರೂ ಮದುವೆಯ ಕಾಲ ಬಂತೆಂದರೆ ನಾನು ಪದ್ಯ ಹೊಸೆಯುವುದು, ಅವನು ಅಲ್ಲೇ ನಿಂತು ರಾಗ ಹಚ್ಚುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅದೆಷ್ಟು ವಧೂವರರ ಹೆಸರಿಗೆ ಪ್ರಾಸ ಹುಡುಕಿದ್ದೇವೋ! ನಿನ್ನ ಯಜಮಾನರ ಹೆಸರಿಗೆ ಪ್ರಾಸ ಸಿಗದೆ ಅವರ ಊರಿನ ಹೆಸರಿಗೆ ಹುಡುಕಿದ್ದು ನೆನಪಿರಬೇಕಲ್ಲ.

ಕರೆಯಲು ಎಕ್ಕಂಬಿಗೆ ಹೊರಟ ದಿನ ನಿನ್ನ ಅತ್ತಿಗೆ ಕೇಳಿದಳು, "ವೀಳ್ಯ ತಗಂಡಿದ್ರಾ?"

"ಸೋಮಂಗೆ ಎಂತಾ ವೀಳ್ಯ? ಅಂವ ಎಂತ ಬಾಡಿಗೆಗೆ ಬಪ್ಪವನಾ?" ಎಂದೆ.

ನೀನು ಪುಣೆ ಸೇರಿ ಇಷ್ಟು ವರ್ಷವಾಯಿತು, ಮರೆತಿದ್ದರೂ ಮರೆತಿರಬಹುದು. ನೆಂಟರನ್ನು ಕರೆಯುವುದು ಕುಂಕುಮ, ಅಕ್ಷತೆ ಕೊಟ್ಟು. ವಾದ್ಯದವರನ್ನು ಗೊತ್ತುಮಾಡುವುದು ಎಲೆ-ಅಡಿಕೆಯ ಮೇಲೊಂದು ನಾಣ್ಯವಿಟ್ಟು, ವೀಳ್ಯ ಕೊಟ್ಟು. ಹಿಡಿದ ವೀಳ್ಯಕ್ಕೆ ವಾದ್ಯದವನು ತಪ್ಪುವುದಿಲ್ಲ. ವೀಳ್ಯ ಕೊಡದ ಮನೆಯಲ್ಲಿ ಅವನು ವಾದ್ಯವನ್ನು ಚೀಲದಿಂದ ತೆಗೆಯುವುದೂ ಇಲ್ಲ. ತೆಗೆದರೆ ಕರೆಯದೆ ಪಂಕ್ತಿಗೆ ಕೂತಷ್ಟೇ ನಾಚಿಕೆ. ಎಲ್ಲ ಮದುವೆಗಳಲ್ಲಿ ಮೂಲೆಯ ಜಮಖಾನದ ಮೇಲೆ ಕೂತು, ಎಲ್ಲರ ಊಟ ಮುಗಿದ ಮೇಲೆ ಉಣ್ಣುವ ಸೋಮನನ್ನು ನನ್ನ ಮಗಳ ಮದುವೆಗಾದರೂ ನೆಂಟನ ಹಾಗೆ ಕರೆಯಬೇಕು ಎಂಬುದು ನನ್ನ ಆಸೆ. ನೆಂಟನಾಗಿ ಬಂದು ನುಡಿಸುತ್ತಾನೆ ಎಂದುಕೊಂಡೆ. ಅದನ್ನು ಅವನಿಗೆ ಹೇಳಬೇಕು ಎಂದು ಮಾತ್ರ ಅನ್ನಿಸಲಿಲ್ಲ.

"ಏ ಕವೀ, ಬಾರಪಾ! ಮಗಳ ಮದುವಿ ಇಟ್ಕೊಂಡು ಮಾರಿ ಯಾಕ ಹಿಂಗ ಮಾಡೀ?" ಎಂದು ಸೋಮ ಅಂಗಳದಿಂದಲೇ ಕೂಗಿದ. ಗಂಗೆ ಸೆರಗೊಡ್ಡಿ ಅಕ್ಷತೆ ಹಾಕಿಸಿಕೊಂಡಳು. ಕಾಫಿಯಾಯಿತು, ಅವಲಕ್ಕಿಯಾಯಿತು, ಮತ್ತೆ ಕಾಫಿಯಾಯಿತು. ನಾನು ಎದ್ದಾಗ ಸೋಮನೂ ಬಸ್ಸಿನವರೆಗೆ ಬಂದ.

"ಮತ್ತೇನರ ಹೇಳೂದೈತೇನು?" ಎಂದ.

"ಹೇಳೋದೆಂತದು, ನೀನು ಬರಬೇಕು, ಅಷ್ಟೇ."

"ಬರ್ತೀನಪಾ. ಬರದ ಏನು?" ಎಂದ. ಆಮೇಲೆ ರಸ್ತೆ ನೋಡುತ್ತ, "ಡಿಜೆ ಬರತೈತಂತಲ್ಲ?" ಎಂದು ಕೇಳಿದ.

"ಬರಲಿ ಬಿಡು, ಹುಡುಗರ ಆಸೆ" ಎಂದೆ. ಅಷ್ಟರಲ್ಲಿ ಬಸ್ಸು ಬಂತು.

ರಿಸೆಪ್ಶನ್ ದಿನ ಮೂಲೆಯಲ್ಲಿ ಜಮಖಾನ ಹಾಸಿಸಿ, ಮೈಕು ಇಡಿಸಿ ಕಾದೆ. ಸೋಮ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ, ಜೊತೆಗೆ ಗಂಗೆ. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ.

"ವಾದ್ಯ ಎಲ್ಲೋ?" ಎಂದೆ.

"ಯಾವ ವಾದ್ಯ?" ಎಂದ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಅವನ ಮುಖ ನೋಡಿ ನನಗೆ. "ವೀಳ್ಯ ಕೊಡಲಿಲ್ಲಲ್ಲೋ ನೀನು! ಡಿಜೆ ಬರಲಿ ಅಂದಿ. ನಾ ಏನ್ ತಿಳ್ಕೋಬೇಕು? ನಮ್ಮ ಮೇಳದ ಉದಯ, ಬೀರ ಎಲ್ಲಾ ಬನವಾಸಿ ಮದುವಿಗೆ ಹೋಗ್ಯಾರ. ನಾ ಉಣ್ಣಾಕ ಬಂದೀನಿ." ಹೇಳಿ ನಕ್ಕ. ಗಂಗೆ ನಗಲಿಲ್ಲ. "ನೀವು ಬರೂತನಕ ಬನವಾಸಿಯವ್ರಿಗೆ ಹೂಂ ಅಂದಿರಲಿಲ್ರಿ ಇವ್ರು" ಎಂದಳು. "ನೀವು ಬಸ್ ಹತ್ತಿ ಹೋದ ಮ್ಯಾಲ ಉದಯಗ ಹೇಳಿದ್ರು, ಹೋಗಿ ವೀಳ್ಯ ತಗೋ, ನಾ ಬರೂದಿಲ್ಲ, ನನ್ನ ಗೆಳ್ಯಾನ ಮಗಳ ಮದುವಿ ಐತಿ ಅಂತ."

"ಈಗಲೇ ಎಕ್ಕಂಬಿಗೆ ಜೀಪು ಕಳಿಸ್ತೆ, ಕ್ಲಾರಿಯೋನೆಟ್ ತರಸ್ತೆ" ಎಂದೆ. ಗಡಿಬಿಡಿಯಲ್ಲಿ ಅವನೊಡನೆಯೂ ಮನೆಮಾತೇ ಬಂತು.

"ಡೋಲು ಇಲ್ದ, ಶ್ರುತಿ ಇಲ್ದ ಒಬ್ಬಾವ ಊದಿದ್ರ ಅದೇನು ಮದುವಿ ವಾದ್ಯ ಆಕ್ಕೈತೇನು? ಬ್ಯಾಡ ಬಿಡು, ಮಂದಿ ನಗ್ತಾರ."

ಅಷ್ಟರಲ್ಲಿ ಸೋದರಮಾವ ಬಂದು ಭುಜ ಮುಟ್ಟಿದರು. "ಭಾವಯ್ಯ, ಜನ ಕಾಯ್ತಾ ಇದ್ದೊ. ಡಿಜೆ ಹಾಕ್ಸವಾ?" ಖಾಲಿ ಜಮಖಾನ ನೋಡಿದೆ, ಸೋಮನನ್ನು ನೋಡಿದೆ. ತಲೆ ಆಡಿಸಿದೆ. ಅವರಿಗೆ ಅಷ್ಟು ಸಾಕಾಯಿತು. ನನ್ನ ಜೇಬಿನಲ್ಲಿ ಪದ್ಯವಿತ್ತು,

ಅಭಿಜ್ಞೆ ಬಂದಳು ಆರತಿ ಹಿಡಿದು,
ಚಿರಂತನ ನಿಂತನು ನಾಚಿಕೆ ತಡೆದು

ಎಂದು ಶುರುವಾಗುವುದು. ಆ ಸದ್ದಿನಲ್ಲಿ ಓದಿದ್ದರೆ ನನಗೇ ಕೇಳುತ್ತಿರಲಿಲ್ಲ. ಕೂಸು ಸ್ಟೇಜ್ ಹತ್ತಿತು, ಹತ್ತದೇ ಏನು ಮಾಡೀತು? ಜನವೂ ಚೆನ್ನಾಗಿ ಕುಣಿದರು, ಸುಳ್ಳು ಹೇಳಬಾರದು. ನಮ್ಮ ಬೀದಿಯ ಗಂಭೀರ ಡೆಂಟಲ್ ಡಾಕ್ಟರೂ ಕುಣಿದರು. ಸೋಮ ಸಾಲಿನಲ್ಲಿ ನಿಂತು ಉಡುಗೊರೆ ಕೊಟ್ಟ, ಫೋಟೋಕ್ಕೆ ನಿಂತ, ಮೊದಲ ಪಂಕ್ತಿಯಲ್ಲಿ ಉಂಡು ಹೋದ. ನಾನು ಬಯಸಿದಂತೆಯೇ ನೆಂಟನಾಗಿ ಬಂದು ನೆಂಟನಾಗಿ ಹೋದ.

ಗಂಡನ ಮನೆಗೆ ಹೊರಡುವಾಗ ಅಭಿಜ್ಞಾ ಕಾರಿನ ಬಾಗಿಲು ಹಿಡಿದು ಕೇಳಿದಳು: "ಅಪ್ಪಯ್ಯ, ಬೀಗರಿಗೆ ಹೆದರಿ ಸೋಮಮಾವನ್ನ ಬಿಟ್ಯಲಾ?" ನಡೆದದ್ದನ್ನು ಹೇಳಿದೆ. "ಒಂದು ಎಲೆ-ಅಡಿಕೆ ಕೊಡಲೆ ಎಂತಾ ಆಗಿತ್ತು?" ಎಂದಳು. ನಿನ್ನ ಅತ್ತಿಗೆ ಅಲ್ಲೇ ನಿಂತಿದ್ದರೂ 'ಆನು ಅವತ್ತೇ ಹೇಳಿದ್ನಿಲ್ಯಾ' ಎನ್ನಲಿಲ್ಲ. ನಮ್ಮ ಸಂಸಾರದಲ್ಲಿ ಅಂಥ ಅವಕಾಶವನ್ನು ಅವಳು ಬಿಟ್ಟುಕೊಟ್ಟದ್ದು ಅದೇ ಮೊದಲು. ವಿಷಯ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಆಗ.

ಕಳೆದ ವಾರ ವೀಳ್ಯ ತೆಗೆದುಕೊಂಡೇ ಎಕ್ಕಂಬಿಗೆ ಹೋಗಿಬಂದೆ. ತಡವಾದರೂ ಮರ್ಯಾದೆ ಮರ್ಯಾದೆಯೇ ಅಲ್ಲವೇ? ಸೋಮನಿಗೆ ಸಿಟ್ಟೇನಿಲ್ಲ. ಕೂತೆವು, ಕಾಫಿ ಕುಡಿದೆವು. ಎಲ್ಲ ಸರಿಯಾಯಿತು ಎಂದು ಅಭಿಜ್ಞಾಳಿಗೆ ಫೋನು ಮಾಡಿ ಹೇಳಿದ್ದೇನೆ, ನಿನಗೂ ಅದನ್ನೇ ಬರೆಯುತ್ತಿದ್ದೇನೆ. ಇದುವರೆಗಿನದನ್ನು ಓದಿ ನೋಡಿದೆ, ತಪ್ಪೇನೂ ಕಾಣಲಿಲ್ಲ. ಪ್ರೆಸ್ಸಿನಲ್ಲೂ ಹೀಗೆಯೇ, ನಾನು ನೋಡಿದ ಪ್ರೂಫಿನ ತಪ್ಪು ಕಾಣುವುದು ಅಚ್ಚಾದ ಮೇಲೆ.

ಭಾವನವರಿಗೆ ನಮಸ್ಕಾರ. ನಂದನನಿಗೆ ಮಾಮನ ಆಶೀರ್ವಾದ, ಪರೀಕ್ಷೆಯಲ್ಲಿ ಅಂಕ ಬರಲಿ, ಮನೆಯಲ್ಲಿ ಬಿಂಕ ಬಾರದಿರಲಿ. ನಿನಗೆ ಮೂಳೆ ಕೂಡಲಿ, ನೋವು ಓಡಲಿ. ಮೆಟ್ಟಿಲು ಇಳಿಯುವಾಗ ಜೋಪಾನ.

ನಿನ್ನ ಅಣ್ಣ
ಕಮಲಾಕರ

ತಾ.ಕ.: ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ, ಇದನ್ನೂ ಬರೆದುಬಿಡುತ್ತೇನೆ. ಅಂದು ನಾನು ವೀಳ್ಯ ಹಿಡಿದು ಹೋದಾಗ ಸೋಮ ಜಗುಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಅಂಗಿಯ ಗುಂಡಿ ಹಾಕಿಕೊಂಡ. "ಬರ್ರಿ ಹೆಗಡೇರ, ಕುಂದರ್ರಿ" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕೆ. ಅವನು ನಗಲಿಲ್ಲ. ವೀಳ್ಯವನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ವ್ಯಂಗ್ಯವಾಗಿ ಅಲ್ಲ ಜಯಾ, ಎಲ್ಲರ ಮನೆಯ ವೀಳ್ಯ ಹಿಡಿಯುವ ಹಾಗೆಯೇ. ಆಮೇಲೆ ಕ್ಯಾಲೆಂಡರಿನ ಹತ್ತಿರ ಹೋಗಿ, "ತಾರೀಖು ಯಾವುದು ಹೇಳ್ರಿ, ನಿಮ್ಮ ಮನೀ ಕಾರ್ಯ ಬಿಡೂದಿಲ್ರಿ" ಎಂದ. ನಮಗಿರುವುದು ಒಬ್ಬಳೇ ಮಗಳು. ಅದು ಅವನಿಗೆ ಗೊತ್ತಿಲ್ಲವೇ? ಆದರೂ ಪೆನ್ಸಿಲು ಹಿಡಿದುಕೊಂಡು ಕಾಯುತ್ತಲೇ ನಿಂತಿದ್ದ.