ಸಭೆ ಮುಗಿಯುವವರೆಗೆ ಹೊಲಿಯಬಾರದು

ಮಹಿಳಾ ಸಾಲ ಸಂಸ್ಥೆಯ ವ್ಯವಸ್ಥಾಪಕರಿಗೆ ನಮಸ್ಕಾರ.

ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾಹಿತ್ಯ ಓದಿದವಳೆಂದು, ನಿಮ್ಮ ಪುಸ್ತಿಕೆಗೆ ಅಮ್ಮನ ಯಶಸ್ಸಿನ ಕಥೆ ಬರೆದುಕೊಡಲು ಹೇಳಿದ್ದಿರಿ. ಬರೆಯಲು ಕೂತರೆ ಹೋದ ಮಂಗಳವಾರವೇ ಕಣ್ಣಮುಂದೆ ಬರುತ್ತದೆ.

ನಿಮ್ಮ ಸಾಲದಿಂದ ಅಮ್ಮ ಹೊಲಿಗೆ ಮೆಷಿನ್ ಕೊಂಡದ್ದು ನಿಜ. ಆ ಮಂಗಳವಾರ ನಮ್ಮ ಕೋಣೆಯಲ್ಲೇ, ಸಾಲ ಪಡೆದ ಹತ್ತು ಹೆಂಗಸರ ಸಂಘದ ಸಭೆಯಿತ್ತು. ಇಸ್ತ್ರಿ ಅಂಗಡಿಯ ಅಕ್ಕ ಹೆರಿಗೆಗೆ ಆಸ್ಪತ್ರೆ ಸೇರಿದ್ದರಿಂದ ಅವರ ಕಂತು ಬಂದಿರಲಿಲ್ಲ. ಎಲ್ಲರ ಕಂತೂ ಬರುವವರೆಗೆ ಯಾರೂ ಏಳಬಾರದೆಂಬುದು ನಿಮ್ಮ ನಿಯಮ. ಒಂಬತ್ತು ಹೆಂಗಸರು ನೆಲದ ಮೇಲೆ ಕೂತೇ ಇದ್ದರು. ಅಮ್ಮ ಮಧ್ಯಾಹ್ನದೊಳಗೆ ಶಾಲೆಗೆ ಹನ್ನೆರಡು ಅಂಗಿ ಕೊಡಬೇಕಿತ್ತು.

“ಸಾರ್, ಕೂತೇ ಹೊಲೀತೀನಿ, ಏಳಲ್ಲ,” ಎಂದಳು.

“ಸಭೇಲಿ ಕೆಲಸ ಮಾಡೋ ಹಾಗಿಲ್ಲಮ್ಮ. ನನಗೇನೂ ಅವಸರ ಇಲ್ಲ,” ಎಂದರು ನಿಮ್ಮ ವಸೂಲಿಯವರು.

“ನಿನಗ್ಯಾಕಪ್ಪ ಅವಸರ? ಕೂತರೂ ಸಂಬಳ ಬರುತ್ತೆ!” ಎಂದರು ತರಕಾರಿ ಅಜ್ಜಿ. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಆಗ ವಸೂಲಿಯವರು ತೆಗೆದ ಫೋಟೋವೇ ನಿಮ್ಮ ಮುಖಪುಟಕ್ಕೆ ಹೋಗುತ್ತಿದೆ.

ಒಂಬತ್ತೂ ಜನ ಕೂಡಿಸಿ ಆ ಕಂತು ತುಂಬುವಷ್ಟರಲ್ಲಿ ಸಂಜೆಯಾಗಿತ್ತು. ಶಾಲೆಯ ಕೆಲಸ ಬೇರೆ ದರ್ಜಿಗೆ ಹೋಗಿತ್ತು. ದುಡಿಯಲೆಂದು ಸಾಲ ಕೊಟ್ಟು ದುಡಿಯುವ ಕೈಯನ್ನೇ ಕಟ್ಟಿಹಾಕುವುದು ಯಾವ ನ್ಯಾಯ?

ಕಥೆ ಇಷ್ಟೇ. ಒಂದಕ್ಷರ ಬದಲಿಸದೆ ಅಚ್ಚು ಹಾಕಿ, ಇಲ್ಲವೇ ಮುಖಪುಟದಿಂದ ಆ ಫೋಟೋ ತೆಗೆದುಬಿಡಿ.

ನಾಳೆಯ ಸಭೆಯೂ ನಮ್ಮಲ್ಲೇ. ಎಲ್ಲರೂ ತಂತಮ್ಮ ಕೆಲಸ ಹಿಡಿದೇ ಬರುತ್ತಾರೆ. ಅಮ್ಮ ಮೆಷಿನ್ ಮುಂದೆ ಕೂರುತ್ತಾಳೆ. ಆ ಸದ್ದಿನಲ್ಲಿ ಹಾಜರಿ ಕೇಳಿಸದಿದ್ದರೆ ಸ್ವಲ್ಪ ಗಟ್ಟಿಯಾಗಿ ಕೂಗಲು ನಿಮ್ಮವರಿಗೆ ಹೇಳಿ.

ಇಂತಿ,
ಹೊಲಿಗೆಯವಳ ಮಗಳು